ಕನ್ನಡ ಕಿರುತೆರೆಯ ಒಡೆಯರು: ಬೆಂಗಳೂರು ಗ್ರಾಮಾಂತರದಿಂದ ಕಂಡ ಒಂದು ಇತಿಹಾಸ

ಬೆಂಗಳೂರು ಜಿಲ್ಲೆಯನ್ನು ನಗರ ಮತ್ತು ಗ್ರಾಮಾಂತರವೆಂದು ವಿಭಜಿಸಿದ್ದು 1986ರಲ್ಲಿ. ಬೆಂಗಳೂರಿನಲ್ಲಿ ದೂರದರ್ಶನದ ಪ್ರಸಾರ ಆರಂಭವಾದದ್ದು ಅದಕ್ಕೆ ಐದು ವರ್ಷ ಮೊದಲು, 1981ರ ನವೆಂಬರ್ 1ರಂದು. ಹೀಗಾಗಿ ನಗರದಿಂದ 25ರಿಂದ 40 ಕಿಲೋಮೀಟರ್ ದೂರದಲ್ಲಿರುವ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಪಟ್ಟಣಗಳ ಜನ ಕಂದಾಯ ಇಲಾಖೆಯ ಕಡತಗಳಲ್ಲಿ ‘ಗ್ರಾಮಾಂತರ’ದವರಾಗುವ ಮೊದಲೇ ಪ್ರಸಾರದ ವ್ಯಾಪ್ತಿಯಲ್ಲಿ ಬೆಂಗಳೂರಿನವರಾಗಿಬಿಟ್ಟಿದ್ದರು. ಆ ಬಳಿಕದ ನಾಲ್ಕು ದಶಕಗಳಲ್ಲಿ ಟಿ.ವಿ. ಉದ್ಯಮದೊಂದಿಗೆ ಈ ಜಿಲ್ಲೆಗೆ ಬೆಳೆದ ಸಂಬಂಧ ವಿಚಿತ್ರವಾದದ್ದು: ಕಾರ್ಖಾನೆಗೆ ಬೇಕಾದ ಜಮೀನು, ಜಾಹೀರಾತಿಗೆ ಬೇಕಾದ ನಿವೇಶನ, ಚುನಾವಣೆಗೆ ಬೇಕಾದ ಮತ ಇವೆಲ್ಲ ಇಲ್ಲಿಂದ ಹೋದವು, ಚಾನೆಲ್‌ಗಳ ಆದಾಯದ ಲೆಕ್ಕದಲ್ಲಿ ಮಾತ್ರ ಇಲ್ಲಿನ ವೀಕ್ಷಕ ಬಹುಕಾಲ ಇರಲೇ ಇಲ್ಲ. ಕನ್ನಡ ಟಿ.ವಿ.ಗೆ ಒಡೆಯರಾದವರು ಯಾರು, ಅವರೇ ಏಕೆ ಆದರು ಎಂಬ ಪ್ರಶ್ನೆಗೆ ಉತ್ತರವೂ ಬಹುಮಟ್ಟಿಗೆ ಈ ಗೈರುಹಾಜರಿಯಲ್ಲೇ ಅಡಗಿದೆ.

ಕರ್ನಾಟಕದ ಹಳ್ಳಿಗರು ಟಿ.ವಿ.ಯನ್ನು ಮೊದಲು ಕಂಡದ್ದು ರಾಜಧಾನಿಯ ಸುತ್ತಮುತ್ತ ಅಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆದ ‘ಸೈಟ್’ ಎಂಬ ಶೈಕ್ಷಣಿಕ ಪ್ರಸಾರ ಪ್ರಯೋಗಕ್ಕೆ ಕರ್ನಾಟಕದಿಂದ ಆಯ್ಕೆಯಾದವು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಅಲ್ಲಿ ಉಪಗ್ರಹದ ಸಂಕೇತ, ಕಾರ್ಯಕ್ರಮ, ಊರ ಮಧ್ಯದಲ್ಲಿ ಇಟ್ಟ ಟಿ.ವಿ. ಪೆಟ್ಟಿಗೆ ಎಲ್ಲವೂ ಸರ್ಕಾರದ ಉಸ್ತುವಾರಿಯಲ್ಲಿದ್ದವು. ನೋಡುವವರು ಕೂಡ ಬೇಸಾಯ, ಆರೋಗ್ಯ, ಕುಟುಂಬ ಯೋಜನೆಗಳ ಪಾಠ ಕೇಳಬೇಕಾದ ವಿದ್ಯಾರ್ಥಿಗಳೆಂದೇ ಆ ಯೋಜನೆ ಭಾವಿಸಿತ್ತು. ಬೆಂಗಳೂರಿನ ಸುತ್ತಣ ತಾಲ್ಲೂಕುಗಳಿಗೆ ಟಿ.ವಿ. ಬರುವ ಹೊತ್ತಿಗೆ ಈ ಉದ್ದೇಶ ಹಿಂದೆ ಸರಿದಿತ್ತು. ಪ್ರಸಾರ ಕೇಂದ್ರ ಕೇಂದ್ರ ಸರ್ಕಾರದ್ದೇ ಆಗಿ ಉಳಿದರೂ ಪೆಟ್ಟಿಗೆ ಮನೆಯವರದಾಯಿತು. ಅದನ್ನು ಇಟ್ಟುಕೊಳ್ಳುವುದಕ್ಕೆ ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ಪರವಾನಗಿ ಪಡೆಯುವ ಪದ್ಧತಿ 1980ರ ದಶಕದ ಮಧ್ಯದವರೆಗೂ ಜಾರಿಯಲ್ಲಿತ್ತು. ವೀಕ್ಷಕ ನೇರವಾಗಿ ಹಣ ಕೊಟ್ಟು ಪ್ರಸಾರವನ್ನು ಸಾಕುವ ಈ ಸಣ್ಣ ಏರ್ಪಾಡು ರದ್ದಾದ ಮೇಲೆ ಆ ಹೊರೆ ಒಂದು ಕಡೆ ಸರ್ಕಾರದ ಬೊಕ್ಕಸಕ್ಕೂ ಇನ್ನೊಂದು ಕಡೆ ಜಾಹೀರಾತುದಾರರಿಗೂ ವರ್ಗವಾಯಿತು. ವೀಕ್ಷಕ ಅಂದು ಗ್ರಾಹಕನ ಸ್ಥಾನವನ್ನೂ ಕಳೆದುಕೊಂಡ ಎಂಬುದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಚಾನೆಲ್‌ಗಳ ವ್ಯಾಪಾರಕ್ಕಿಂತ ಮೊದಲು ಬಂದದ್ದು ಟಿ.ವಿ. ಪೆಟ್ಟಿಗೆಗಳ ವ್ಯಾಪಾರ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಪ್ರಸಾರ ಶುರುವಾಗಿ, 1983ರಲ್ಲಿ ಇನ್ಸಾಟ್-1ಬಿ ಉಪಗ್ರಹ ಕಕ್ಷೆ ಸೇರಿ, ದೇಶದಾದ್ಯಂತ ಕಿರು ಪ್ರಸಾರ ಕೇಂದ್ರಗಳು ಒಂದರ ಹಿಂದೊಂದು ತಲೆಯೆತ್ತಿದಾಗ ಪೆಟ್ಟಿಗೆಗಳಿಗೆ ಬಂದ ಬೇಡಿಕೆಯಿಂದ ಬೆಳೆದ ಕಂಪನಿಗಳಲ್ಲಿ ಬಿಪಿಎಲ್ ಪ್ರಮುಖವಾದದ್ದು. ಟಿ.ಪಿ.ಜಿ. ನಂಬಿಯಾರ್ 1963ರಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಸ್ಥಾಪಿಸಿದ ಈ ಕಂಪನಿ ಮೊದಲು ತಯಾರಿಸುತ್ತಿದ್ದುದು ರಕ್ಷಣಾ ಪಡೆಗಳಿಗೆ ಬೇಕಾದ ಅಳತೆಯ ಮೀಟರುಗಳನ್ನು. ಜಪಾನಿನ ಸಾನ್ಯೊ ಜೊತೆ ಕೈಜೋಡಿಸಿ ಟಿ.ವಿ. ತಯಾರಿಕೆಗೆ ಇಳಿದ ಮೇಲೆ ಬೆಂಗಳೂರನ್ನು ನೆಲೆಯಾಗಿಸಿಕೊಂಡು, 1990ರ ದಶಕದಲ್ಲಿ ಅದು ದೇಶದ ಮುಂಚೂಣಿಯ ಬ್ರ್ಯಾಂಡ್‌ಗಳಲ್ಲಿ ಒಂದಾಯಿತು. ಅದೇ ದಶಕದ ಮಧ್ಯದಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಎಂದರೆ ರೈತರಿಂದ ಜಮೀನು ಸ್ವಾಧೀನಪಡಿಸಿಕೊಂಡು ಉದ್ಯಮಗಳಿಗೆ ಹಂಚುವ ಸರ್ಕಾರಿ ಸಂಸ್ಥೆ, ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ ಬಳಿ ಬಿಪಿಎಲ್‌ಗೆ ಜಮೀನು ಮಂಜೂರು ಮಾಡಿತು. ಆ ಜಮೀನಿನ ಮುಂದಿನ ಪರಭಾರೆ 2025ರಲ್ಲಿ ಸಾರ್ವಜನಿಕ ಆರೋಪಕ್ಕೆ ಒಳಗಾಗಿ, ಸಂಬಂಧಪಟ್ಟವರು ಅದನ್ನು ಸಾರಾಸಗಟಾಗಿ ನಿರಾಕರಿಸಿದ ವಿವಾದ ಇನ್ನೊಂದು ಅಧ್ಯಾಯದ ವಿಷಯ. ಇಲ್ಲಿ ಮುಖ್ಯವಾದದ್ದು ಕುಟುಂಬದ ಕೊಂಡಿ. ನಂಬಿಯಾರ್ ಅವರ ಅಳಿಯ ರಾಜೀವ್ ಚಂದ್ರಶೇಖರ್ 1990ರ ದಶಕದಲ್ಲಿ ಬಿಪಿಎಲ್ ಮೊಬೈಲ್ ಕಟ್ಟಿ, 2005ರಲ್ಲಿ ಅದರಿಂದ ಹೊರಬಂದು, ಮುಂದಿನ ವರ್ಷವೇ ಏಕಕಾಲಕ್ಕೆ ಟಿ.ವಿ. ಉದ್ಯಮಕ್ಕೂ ಸಂಸತ್ತಿಗೂ ಕಾಲಿಟ್ಟರು. ಪೆಟ್ಟಿಗೆ ಮಾರಿದ ಮನೆತನದ ನಂಟಸ್ತಿಕೆಯೊಳಗೇ ಪೆಟ್ಟಿಗೆಯೊಳಗಿನ ಸುದ್ದಿಯ ಒಡೆತನವೂ ಬಂದದ್ದನ್ನು ಆಕಸ್ಮಿಕವೆನ್ನುವುದು ಕಷ್ಟ. ಇವೆರಡರ ನಡುವಿದ್ದ ದೂರಸಂಪರ್ಕ ಉದ್ಯಮ ಸರ್ಕಾರದ ಪರವಾನಗಿಯಿಂದಲೇ ಬದುಕುವ ವ್ಯವಹಾರ, ಆ ವ್ಯವಹಾರ ಕಲಿಸುವ ಪಾಠಗಳು ಚಾನೆಲ್ ನಡೆಸುವವರಿಗೂ ಬೇಕಾದವೇ.

ಅದಕ್ಕೆ ಮೊದಲು ಸರ್ಕಾರದ ಏಕಸ್ವಾಮ್ಯದ ಕಾಲವನ್ನು ನೋಡಬೇಕು. ದೂರದರ್ಶನ ಕೇಂದ್ರದ ವಾರ್ತಾ ಸಚಿವಾಲಯದ ಅಧೀನದಲ್ಲಿತ್ತು. 1983ರಿಂದ ಕರ್ನಾಟಕದಲ್ಲಿ ಕಾಂಗ್ರೆಸ್ಸೇತರ ಸರ್ಕಾರ ಇದ್ದರೂ ರಾಜ್ಯದ ತೆರೆಯ ಮೇಲೆ ಏನು ಬರಬೇಕೆಂಬುದು ದೆಹಲಿಯಲ್ಲೇ ತೀರ್ಮಾನವಾಗುತ್ತಿತ್ತು. ಪ್ರಸಾರಕ್ಕೆ ಸ್ವಾಯತ್ತತೆ ಕೊಡುವ ಪ್ರಸಾರ ಭಾರತಿ ಕಾಯ್ದೆ 1990ರಲ್ಲಿ ಅಂಗೀಕಾರವಾದರೂ ಜಾರಿಗೆ ಬಂದದ್ದು 1997ರಲ್ಲಿ, ಅಷ್ಟರೊಳಗೆ ಸರ್ಕಾರಿ ತೆರೆ ಎಷ್ಟು ಸೂಕ್ಷ್ಮ ವಸ್ತುವೆಂಬುದನ್ನು ಬೆಂಗಳೂರು ಕಹಿಯಾಗಿ ಅನುಭವಿಸಿತ್ತು. 1994ರ ಅಕ್ಟೋಬರ್ 2ರಂದು ಬೆಂಗಳೂರು ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆಯನ್ನು ಆರಂಭಿಸಿತು. ಮುಖ್ಯ ವೇಳೆಯಲ್ಲಿ ಅದಕ್ಕೆ ಕೊಟ್ಟ ಸ್ಥಾನದ ವಿರುದ್ಧ ಎದ್ದ ಪ್ರತಿಭಟನೆ ಕೆಲವೇ ದಿನಗಳಲ್ಲಿ ಕೋಮು ಗಲಭೆಯ ರೂಪ ತಾಳಿ ಸುಮಾರು ಇಪ್ಪತ್ತೈದು ಜನರ ಪ್ರಾಣ ತೆಗೆದುಕೊಂಡು, ವಾರ್ತೆ ನಿಂತಿತು. ತೀರ್ಮಾನ ಕೇಂದ್ರದ ಸಂಸ್ಥೆಯದು, ಬೀದಿಯ ಹೊಣೆ ರಾಜ್ಯದ್ದು. ಆಗ ಮುಖ್ಯಮಂತ್ರಿಯಾಗಿದ್ದ ಎಂ. ವೀರಪ್ಪ ಮೊಯಿಲಿ ಅವರ ಪಕ್ಷ ಅದೇ ವರ್ಷಾಂತ್ಯದ ವಿಧಾನಸಭಾ ಚುನಾವಣೆಯಲ್ಲಿ ನೆಲಕಚ್ಚಿತು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಹದಿನೈದು ವರ್ಷಗಳ ಬಳಿಕ ಅವರು ಲೋಕಸಭೆಗೆ ಗೆದ್ದದ್ದು ಚಿಕ್ಕಬಳ್ಳಾಪುರದಿಂದ, ಎಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳನ್ನೆಲ್ಲ ಒಳಗೊಂಡ ಕ್ಷೇತ್ರದಿಂದ.

ಇದೇ 1994ರ ಜೂನ್ 1ರಂದು ಉದಯ ಟಿ.ವಿ. ಆರಂಭವಾಗಿತ್ತು. ಕನ್ನಡದ ಮೊದಲ ಖಾಸಗಿ ಉಪಗ್ರಹ ಚಾನೆಲ್‌ನ ಒಡೆತನ ಚೆನ್ನೈನ ಸನ್ ಸಮೂಹದ್ದು. ಸ್ಥಾಪಕ ಕಲಾನಿಧಿ ಮಾರನ್ ಡಿಎಂಕೆ ನಾಯಕ ಮುರಸೊಲಿ ಮಾರನ್ ಅವರ ಮಗ, ಎಂ. ಕರುಣಾನಿಧಿ ಅವರ ಸೋದರಳಿಯನ ಮಗ. ಸನ್ ಟಿ.ವಿ. ತನ್ನ ಮೊದಲ ಹದಿನಾಲ್ಕು ವರ್ಷಗಳಲ್ಲಿ ಬಹುಕಾಲ ಕೆಲಸ ಮಾಡಿದ್ದು ಡಿಎಂಕೆ ಪಕ್ಷದ ಕೇಂದ್ರ ಕಚೇರಿಯಾದ ಅಣ್ಣಾ ಅರಿವಾಲಯದ ಆವರಣದಲ್ಲೇ. ಆದರೆ ಕರ್ನಾಟಕದಲ್ಲಿ ಆ ಪಕ್ಷಕ್ಕೆ ಹೇಳಿಕೊಳ್ಳುವ ಮತಬ್ಯಾಂಕ್ ಇರಲಿಲ್ಲವಾದ್ದರಿಂದ ಉದಯ ಟಿ.ವಿ. ಇಲ್ಲಿ ರಾಜಕೀಯದ ಗೋಜಿಗೆ ಹೆಚ್ಚಾಗಿ ಹೋಗದೆ ಕನ್ನಡ ಚಲನಚಿತ್ರಗಳ ಪ್ರಸಾರ ಹಕ್ಕುಗಳನ್ನು ರಾಶಿಯಾಗಿ ಕೊಂಡುಕೊಳ್ಳುವ ವ್ಯಾಪಾರದಲ್ಲಿ ನಿಂತಿತು. ಒಡೆಯರ ಊರಿನ ನೆನಪು ಮರಳುತ್ತಿದ್ದುದು ಕಾವೇರಿ ವಿವಾದ ಕಾವೇರಿದಾಗ: ಆಗೆಲ್ಲ ಬೆಂಗಳೂರು ಮತ್ತು ಸುತ್ತಲಿನ ಕೇಬಲ್‌ನವರು ತಮಿಳು ಚಾನೆಲ್‌ಗಳನ್ನು ನಿಲ್ಲಿಸುತ್ತಿದ್ದರು, ಉದಯ ಮಾತ್ರ ನಡೆಯುತ್ತಿತ್ತು. ಒಡೆತನವನ್ನಲ್ಲ, ಭಾಷೆಯನ್ನು ನೋಡಿ ತೀರ್ಪು ಕೊಡುವ ಈ ರೂಢಿ ವ್ಯಾಪಾರಕ್ಕೆ ಎಷ್ಟು ಅನುಕೂಲವೆಂಬುದನ್ನು ಹೊರರಾಜ್ಯದ ಬಂಡವಾಳಗಾರರು ಬೇಗನೆ ಅರಿತರು. 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ ತಂದ ಹೈದರಾಬಾದಿನ ರಾಮೋಜಿ ರಾವ್ ಚೀಟಿ ವ್ಯವಹಾರದಿಂದ ಮೇಲೆ ಬಂದವರು, ‘ಈನಾಡು’ ಪತ್ರಿಕೆಯ ಒಡೆಯರು, 1983ರಲ್ಲಿ ಎನ್.ಟಿ. ರಾಮರಾವ್ ಅವರನ್ನು ಅಧಿಕಾರಕ್ಕೆ ತಂದ ಪ್ರಚಾರದಲ್ಲಿ ಪ್ರಮುಖ ಪಾತ್ರ ವಹಿಸಿದವರು. ಕರ್ನಾಟಕದಲ್ಲಿ ಅವರ ಚಾನೆಲ್ ಜಿಲ್ಲಾ ಸುದ್ದಿ ಮತ್ತು ಧಾರಾವಾಹಿಗಳಿಂದಲೇ ಹೆಸರು ಮಾಡಿತು.

ಈ ಚಾನೆಲ್‌ಗಳು ಮನೆ ತಲುಪಿದ್ದು ಕೇಬಲ್ ಮೂಲಕ. ತಾರಸಿಯ ಮೇಲೆ ಡಿಶ್ ನಿಲ್ಲಿಸಿ, ವಿದ್ಯುತ್ ಕಂಬಗಳಿಗೂ ಮರಗಳಿಗೂ ತಂತಿ ಕಟ್ಟಿ, ತಿಂಗಳಿಗಿಷ್ಟು ಎಂದು ಮನೆಮನೆಗೆ ಬಂದು ವಸೂಲು ಮಾಡುವ ಸಣ್ಣ ಉದ್ಯಮಿ ಈ ಸರಪಳಿಯ ಕೊನೆಯ ಕೊಂಡಿ. 1995ರ ಕೇಬಲ್ ಟೆಲಿವಿಷನ್ ಜಾಲಗಳ ನಿಯಂತ್ರಣ ಕಾಯ್ದೆ ಅವನಿಗೆ ಕಾನೂನಿನ ಮಾನ್ಯತೆ ಕೊಟ್ಟಿತು. ನೋಂದಣಿಯ ಅಧಿಕಾರವಿದ್ದುದು ಪ್ರಧಾನ ಅಂಚೆ ಕಚೇರಿಯ ಪೋಸ್ಟ್‌ಮಾಸ್ಟರ್‌ಗೆ, ನಿಯಮ ಮೀರಿದರೆ ಉಪಕರಣ ಜಪ್ತಿ ಮಾಡುವ ಅಧಿಕಾರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿಗಳಂಥವರಿಗೆ. ದೊಡ್ಡಬಳ್ಳಾಪುರದಂಥ ಮಗ್ಗಗಳ ಊರಿನಲ್ಲಿ ಒಂದೊಂದು ಬಡಾವಣೆಗೆ ಒಬ್ಬೊಬ್ಬ ಕೇಬಲ್‌ನವನೆಂದರೆ ಆತ ವಾರ್ಡಿನ ಎಲ್ಲ ಮನೆಗಳನ್ನೂ ಬಲ್ಲವನು, ಬಾಕಿದಾರರ ಪಟ್ಟಿ ಬಾಯಲ್ಲೇ ಇರುವವನು. ಇಂಥವರಿಗೆ ಪುರಸಭೆಯ ರಾಜಕಾರಣ ದೂರದ್ದಾಗಿ ಉಳಿಯುವುದು ಸಾಧ್ಯವಿರಲಿಲ್ಲ: ತಂತಿ ಎಳೆಯಲು ಕಂಬ ಬೇಕು, ಕಂಬಕ್ಕೆ ಅನುಮತಿ ಬೇಕು, ಪಕ್ಕದ ಬೀದಿಯ ಪೈಪೋಟಿಗಾರನನ್ನು ತಡೆಯಲು ಯಾರದಾದರೂ ಬೆಂಬಲ ಬೇಕು. ಪ್ರತಿಯಾಗಿ ಕೇಬಲ್‌ನವರ ಸ್ಥಳೀಯ ಚಾನೆಲ್‌ನಲ್ಲಿ, ಎಂದರೆ ಉಪಗ್ರಹದ ನೆರವಿಲ್ಲದೆ ಅವರೇ ತಮ್ಮ ಜಾಲದಲ್ಲಿ ಓಡಿಸುವ ವಾಹಿನಿಯಲ್ಲಿ, ಸಿನಿಮಾಗಳ ನಡುವೆ ಹುಟ್ಟುಹಬ್ಬದ ಶುಭಾಶಯ, ಜಾತ್ರೆಯ ದೃಶ್ಯ, ಮುಖಂಡರ ಭಾಷಣಗಳಿಗೆ ಜಾಗ ಸಿಗುತ್ತಿತ್ತು. ಟಿ.ವಿ.ಯ ಒಡೆತನದ ಇತಿಹಾಸ ಬರೆಯುವವರು ಚಾನೆಲ್‌ಗಳ ಮಾಲೀಕರನ್ನೇ ನೋಡಿ ಈ ಕೊನೆಯ ಮೈಲಿಯ ಮಾಲೀಕನನ್ನು ಬಿಟ್ಟುಬಿಡುತ್ತಾರೆ. ತಾಲ್ಲೂಕು ಮಟ್ಟದಲ್ಲಿ ಟಿ.ವಿ. ಎಂದರೆ ಬಹುಕಾಲ ಅವನೇ ಆಗಿದ್ದ.

ರಾಜಕಾರಣಿಗಳು ನೇರವಾಗಿ ಚಾನೆಲ್ ಕಟ್ಟುವ ಅವಧಿ ಆರಂಭವಾದದ್ದು 2005ರ ನಂತರ, ಅದಕ್ಕೆ ಒಂದು ಸರಳ ಆರ್ಥಿಕ ಕಾರಣವಿದೆ. ಭಾರತದ ನೆಲದಿಂದ ಉಪಗ್ರಹಕ್ಕೆ ಸಂಕೇತ ಕಳಿಸುವುದನ್ನು ಅಪ್‌ಲಿಂಕಿಂಗ್ ಎನ್ನುತ್ತಾರೆ. 2005ರ ಮಾರ್ಗಸೂಚಿಯ ಪ್ರಕಾರ ಸುದ್ದಿ ಚಾನೆಲ್‌ಗೆ ಈ ಅನುಮತಿ ಕೇಳುವ ಕಂಪನಿಗೆ ಸಾಲ ಕಳೆದು ಉಳಿಯುವ ನಿವ್ವಳ ಮೌಲ್ಯ 3 ಕೋಟಿ ರೂಪಾಯಿ ಇದ್ದರೆ ಸಾಕಿತ್ತು. ಬೆಂಗಳೂರಿನ ಹೊರವಲಯದ ಕೆಲವು ಎಕರೆ ಜಮೀನಿನ ಬೆಲೆಗೂ ಈ ಮೊತ್ತಕ್ಕೂ ಆಗ ಅಂಥ ಅಂತರವಿರಲಿಲ್ಲ. 2011ರ ಕೊನೆಯಲ್ಲಿ ಕೇಂದ್ರ ಸಚಿವ ಸಂಪುಟ ಈ ಮಿತಿಯನ್ನು 20 ಕೋಟಿಗೆ ಏರಿಸಿತು. ಕನ್ನಡದ ಸುದ್ದಿ ಚಾನೆಲ್‌ಗಳ ಹುಟ್ಟಿದ ವರ್ಷಗಳನ್ನು ಈ ಎರಡು ದಿನಾಂಕಗಳ ಪಕ್ಕದಲ್ಲಿಟ್ಟು ನೋಡಿದರೆ ಸಂಬಂಧ ತಾನಾಗಿ ತೋರುತ್ತದೆ: ಟಿವಿ9 ಕನ್ನಡ 2006ರಲ್ಲಿ, ಸುವರ್ಣ ನ್ಯೂಸ್ 2008ರಲ್ಲಿ, ಸಮಯ 2010ರಲ್ಲಿ, ಜನಶ್ರೀ 2011ರಲ್ಲಿ, ಪಬ್ಲಿಕ್ ಟಿವಿ 2012ರ ಆರಂಭದಲ್ಲಿ. ಬಾಗಿಲು ಅಗ್ಗವಾಗಿದ್ದಷ್ಟು ಕಾಲ ಒಳಗೆ ಬರುವವರ ಸಾಲೂ ಉದ್ದವಿತ್ತು.

ಈ ಸಾಲಿನಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಅತಿ ಹತ್ತಿರವಾದದ್ದು, ಮನರಂಜನೆಯ ಚಾನೆಲ್ಲಾಗಿ 2007ರಲ್ಲಿ ಬಂದ ಕಸ್ತೂರಿ. ಎಚ್.ಡಿ. ಕುಮಾರಸ್ವಾಮಿ 2006ರ ಫೆಬ್ರುವರಿಯಿಂದ 2007ರ ಅಕ್ಟೋಬರ್‌ವರೆಗೆ ಬಿಜೆಪಿ ಜೊತೆಗಿನ ಸಮ್ಮಿಶ್ರ ಸರ್ಕಾರದ ಮುಖ್ಯಮಂತ್ರಿಯಾಗಿದ್ದರು. ಕಸ್ತೂರಿಯ ಒಡೆತನ ಅವರ ಪತ್ನಿ ಅನಿತಾ ಕುಮಾರಸ್ವಾಮಿ ಅವರದಾಗಿತ್ತು. ರಾಜಕೀಯಕ್ಕೆ ಬರುವ ಮೊದಲು ಕುಮಾರಸ್ವಾಮಿ ಚಲನಚಿತ್ರ ವಿತರಕರೂ, ಮುಂದೆ ‘ಸೂರ್ಯವಂಶ’, ‘ಚಂದ್ರ ಚಕೋರಿ’ಯಂಥ ಚಿತ್ರಗಳ ನಿರ್ಮಾಪಕರೂ ಆಗಿದ್ದವರು, ಆದುದರಿಂದ ತೆರೆಯ ವ್ಯಾಪಾರ ಆ ಮನೆಗೆ ಹೊಸದಲ್ಲ ಎಂಬ ವಾದದಲ್ಲಿ ಹುರುಳಿದೆ. ಆದರೆ ಮುಖ್ಯಮಂತ್ರಿಯ ಮನೆಯವರದೇ ಚಾನೆಲ್ ಇದ್ದಾಗ ಅದಕ್ಕೆ ಜಾಹೀರಾತು ಕೊಡುವವನು ವೀಕ್ಷಕರನ್ನು ನೋಡಿ ಕೊಡುತ್ತಾನೋ ವಿಧಾನಸೌಧವನ್ನು ನೋಡಿ ಕೊಡುತ್ತಾನೋ ಎಂದು ಬೇರ್ಪಡಿಸಿ ಹೇಳುವ ಉಪಾಯ ಯಾವ ಕಾಯ್ದೆಯಲ್ಲೂ ಇರಲಿಲ್ಲ, ಈಗಲೂ ಇಲ್ಲ. ಅದೇ 2007ರಲ್ಲಿ ಕುಮಾರಸ್ವಾಮಿ ಸರ್ಕಾರ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಎಂಟು ತಾಲ್ಲೂಕುಗಳಲ್ಲಿ ನಾಲ್ಕನ್ನು, ಎಂದರೆ ರಾಮನಗರ, ಕನಕಪುರ, ಚನ್ನಪಟ್ಟಣ, ಮಾಗಡಿಗಳನ್ನು ತೆಗೆದು ರಾಮನಗರ ಜಿಲ್ಲೆ ರಚಿಸಿತು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ‘ಬೆಂಗಳೂರು ಗ್ರಾಮಾಂತರ’ ಎಂಬ ಹೆಸರು ಹೊಸ ಲೋಕಸಭಾ ಕ್ಷೇತ್ರವೊಂದಕ್ಕೆ ಬಂತಾದರೂ, ಗ್ರಾಮಾಂತರ ಜಿಲ್ಲೆಯಲ್ಲಿ ಉಳಿದ ನಾಲ್ಕು ತಾಲ್ಲೂಕುಗಳು ಅದರಲ್ಲಿಲ್ಲ. ಜಿಲ್ಲೆ ಬಿಟ್ಟುಹೋದ ತಾಲ್ಲೂಕುಗಳು ಅದರೊಳಗಿವೆ. ಆಡಳಿತಕ್ಕೆ ಇಂಥ ವಿನೋದ ಆಗಾಗ ಒದಗುತ್ತದೆ. ಆ ಕ್ಷೇತ್ರದಿಂದ 2009ರಲ್ಲಿ ಕುಮಾರಸ್ವಾಮಿ ಗೆದ್ದರು. 2013ರಲ್ಲಿ ಅವರು ವಿಧಾನಸಭೆಗೆ ಮರಳಿದ್ದರಿಂದ ನಡೆದ ಉಪಚುನಾವಣೆಯಲ್ಲಿ ಅನಿತಾ ಅವರು ಸ್ಪರ್ಧಿಸಿ, ಕಾಂಗ್ರೆಸ್ಸಿನ ಡಿ.ಕೆ. ಸುರೇಶ್ ಎದುರು ದೊಡ್ಡ ಅಂತರದಿಂದ ಸೋತರು. ಸ್ವಂತ ಚಾನೆಲ್ ಇದ್ದರೆ ಚುನಾವಣೆ ಗೆಲ್ಲಬಹುದೆಂಬ ನಂಬಿಕೆಗೆ ಈ ಫಲಿತಾಂಶ ಒಳ್ಳೆಯ ಪ್ರತಿಸಾಕ್ಷಿ, ಆದರೂ ಆ ನಂಬಿಕೆ ಕರಗಲಿಲ್ಲ.

ರಾಜೀವ್ ಚಂದ್ರಶೇಖರ್ 2006ರಲ್ಲಿ ರಾಜ್ಯಸಭೆಗೆ ಪಕ್ಷೇತರರಾಗಿ ಆಯ್ಕೆಯಾದದ್ದು ಇದೇ ಸಮ್ಮಿಶ್ರ ಸರ್ಕಾರದ ಎರಡು ಪಕ್ಷಗಳ ಬೆಂಬಲದಿಂದ. ಅವರ ಜುಪಿಟರ್ ಕ್ಯಾಪಿಟಲ್ ಕೇರಳದ ಏಷ್ಯಾನೆಟ್ ಕಂಪನಿಯಲ್ಲಿ ಪಾಲು ಕೊಂಡು, ಅದರ ಮೂಲಕ 2007ರಲ್ಲಿ ಸುವರ್ಣ ಮನರಂಜನಾ ಚಾನೆಲ್, ಮರುವರ್ಷ ಸುವರ್ಣ ನ್ಯೂಸ್ ಬಂದವು. 2008ರ ಕೊನೆಯಲ್ಲಿ ರೂಪರ್ಟ್ ಮರ್ಡಾಕ್ ಅವರ ಸ್ಟಾರ್ ಸಮೂಹ ಪಾಲುದಾರನಾಗಿ ಬಂದಾಗ ಈ ಜೋಡಿ ಬೇರೆಯಾಯಿತು, ಏಕೆಂದರೆ ಸುದ್ದಿ ಚಾನೆಲ್‌ಗಳಲ್ಲಿ ವಿದೇಶಿ ಬಂಡವಾಳಕ್ಕೆ ಆಗ ಶೇಕಡಾ 26ರ ಮಿತಿಯಿತ್ತು, ಮನರಂಜನೆಗೆ ಅಂಥ ಮಿತಿ ಇರಲಿಲ್ಲ. ಲಾಭ ತರುವ ಧಾರಾವಾಹಿ ವಿದೇಶಿ ಕಂಪನಿಗೆ ಹೋಯಿತು, ಲಾಭ ಕಡಿಮೆಯಾದರೂ ಪ್ರಭಾವ ತರುವ ಸುದ್ದಿ ದೇಶೀಯ ಒಡೆಯನಲ್ಲಿ ಉಳಿಯಿತು. ಇದು ಒಂದು ಕಂಪನಿಯ ಕಥೆಯಷ್ಟೇ ಅಲ್ಲ. ನಾಲ್ಕು ವರ್ಷಗಳ ಬಳಿಕ ರಿಲಯನ್ಸ್ ಬೆಂಬಲದ ನೆಟ್‌ವರ್ಕ್18 ಸಮೂಹ ಈಟಿವಿಯ ಪ್ರಾದೇಶಿಕ ಚಾನೆಲ್‌ಗಳನ್ನು ಕೊಂಡಾಗಲೂ ಕನ್ನಡದ ಮನರಂಜನೆ ವಯಾಕಾಂ ಪಾಲುದಾರಿಕೆಯ ಕಂಪನಿಯಡಿ ಕಲರ್ಸ್ ಕನ್ನಡವಾಗಿ, ಸುದ್ದಿ ಪ್ರತ್ಯೇಕವಾಗಿ ನ್ಯೂಸ್18 ಕನ್ನಡವಾಗಿ ಬೇರ್ಪಟ್ಟವು. ವಿದೇಶಿ ಪ್ರಭಾವದಿಂದ ಸುದ್ದಿಯನ್ನು ಕಾಯಲು ಹಾಕಿದ ಬೇಲಿ ದೇಶೀಯ ಉದ್ಯಮಿ–ರಾಜಕಾರಣಿಗೆ ಮೀಸಲು ಜಾಗವನ್ನು ಒದಗಿಸಿತೆಂದರೆ ತಪ್ಪಾಗದು. ಚಂದ್ರಶೇಖರ್ 2018ರಲ್ಲಿ ಬಿಜೆಪಿಯಿಂದ ಮತ್ತೆ ಆಯ್ಕೆಯಾಗಿ 2021ರಲ್ಲಿ ಕೇಂದ್ರದಲ್ಲಿ ರಾಜ್ಯ ಸಚಿವರಾದರು.

ಉಳಿದವರ ವಿವರ ಚುಟುಕಾಗಿ ಹೇಳಬಹುದು. ಸಮಯವನ್ನು ಆರಂಭಿಸಿದವರು ಬೆಳಗಾವಿಯ ಕಾಂಗ್ರೆಸ್ ನಾಯಕ, ಸಕ್ಕರೆ ಉದ್ಯಮಿ ಸತೀಶ ಜಾರಕಿಹೊಳಿ. ಜನಶ್ರೀಯ ಹಿಂದೆ ಇದ್ದದ್ದು ಬಳ್ಳಾರಿಯ ಗಣಿ ಹಣ, ಜಿ. ಜನಾರ್ದನ ರೆಡ್ಡಿ ಮತ್ತು ಬಿ. ಶ್ರೀರಾಮುಲು ಬಳಗ, ಚಾನೆಲ್ ಬಂದ ವರ್ಷದ ಜುಲೈನಲ್ಲೇ ಅಕ್ರಮ ಗಣಿಗಾರಿಕೆಯ ಲೋಕಾಯುಕ್ತ ವರದಿ ಬಂದು, ಸೆಪ್ಟೆಂಬರ್ 5ರಂದು ರೆಡ್ಡಿ ಅವರನ್ನು ಸಿಬಿಐ ಬಂಧಿಸಿದ ಮೇಲೆ ಒಡೆಯರಿಗೆ ಬಂದ ಸಂಕಟ ನೌಕರರ ಸಂಬಳದ ಸಂಕಟವೂ ಆಯಿತು. ಲಾರಿ ಸಾರಿಗೆಯ ವಿಜಯ ಸಂಕೇಶ್ವರ ಮೂರು ಬಾರಿ ಸಂಸದರಾಗಿದ್ದವರು, ‘ವಿಜಯ ಕರ್ನಾಟಕ’ ಕಟ್ಟಿ 2006ರಲ್ಲಿ ಟೈಮ್ಸ್ ಸಮೂಹಕ್ಕೆ ಮಾರಿದವರು. 2012ರಲ್ಲಿ ‘ವಿಜಯವಾಣಿ’ಯನ್ನೂ 2017ರಲ್ಲಿ ದಿಗ್ವಿಜಯ ಚಾನೆಲ್ಲನ್ನೂ ತಂದರು. ಪತ್ರಕರ್ತನೇ ಮುಂದೆ ನಿಂತು ಕಟ್ಟಿದ ಚಾನೆಲ್ ಎಂದರೆ ಎಚ್.ಆರ್. ರಂಗನಾಥ್ ಅವರ ಪಬ್ಲಿಕ್ ಟಿವಿ. ಅಂಥ ಉದಾಹರಣೆ ಬೆರಳೆಣಿಕೆಯಷ್ಟೇ.

ಸಕ್ಕರೆ, ಗಣಿ, ಲಾರಿ, ಮೊಬೈಲ್, ಚೀಟಿ, ಸಿನಿಮಾ: ಇಷ್ಟು ಬೇರೆ ಬೇರೆ ಕಸುಬಿನವರು ನಷ್ಟದ ವ್ಯಾಪಾರವೆಂದು ಎಲ್ಲರೂ ಬಲ್ಲ ಸುದ್ದಿ ಚಾನೆಲ್‌ಗೆ ಏಕೆ ಬಂದರು ಎಂಬುದಕ್ಕೆ ಆದಾಯದ ಮೂಲವನ್ನು ನೋಡಬೇಕು. ಜಾಹೀರಾತಿನ ದರ ನಿಂತಿರುವುದು ಟಿಆರ್‌ಪಿಯ ಮೇಲೆ, ಎಂದರೆ ಆಯ್ದ ಮನೆಗಳಲ್ಲಿ ಮೀಟರ್ ಇಟ್ಟು ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡಿದರೆಂದು ಅಂದಾಜಿಸುವ ಸೂಚ್ಯಂಕದ ಮೇಲೆ. ಮೊದಲು ಈ ಅಂದಾಜು ಮಾಡುತ್ತಿದ್ದ ಟ್ಯಾಮ್ ಸಂಸ್ಥೆಯ ಕಾಲದಲ್ಲಿ ಮೀಟರುಗಳಿದ್ದುದು ಮುಖ್ಯವಾಗಿ ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ. 2011ರ ಜನಗಣತಿಯಲ್ಲಿ 9,90,923 ಜನರಿದ್ದ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಅಂಥ ಒಂದು ಪಟ್ಟಣವೂ ಇರಲಿಲ್ಲ, ಎಲ್ಲಕ್ಕಿಂತ ದೊಡ್ಡದಾದ ದೊಡ್ಡಬಳ್ಳಾಪುರವೇ 85 ಸಾವಿರದ ಆಸುಪಾಸಿನಲ್ಲಿತ್ತು. ಬಾರ್ಕ್ ಎಂಬ ಹೊಸ ಸಂಸ್ಥೆ ಗ್ರಾಮೀಣ ವೀಕ್ಷಣೆಯ ಅಂಕಿಅಂಶ ಕೊಡಲು ತೊಡಗಿದ್ದು 2015ರಲ್ಲಿ. ಅಲ್ಲಿಯವರೆಗೆ ವಿಮಾನ ನಿಲ್ದಾಣದ ಪಕ್ಕದ ದೇವನಹಳ್ಳಿಯ ಮನೆಯೊಂದು ಯಾವ ಚಾನೆಲ್ ನೋಡಿದರೂ ಬಿಟ್ಟರೂ ಜಾಹೀರಾತು ಪೇಟೆಗೆ ಅದು ಗೊತ್ತಾಗುತ್ತಿರಲಿಲ್ಲ. ಆ ಮನೆಯಲ್ಲಿ ಬೆಲೆಯುಳ್ಳದ್ದು ನೋಟವಲ್ಲ, ಮತ. ನೋಟವನ್ನು ಮಾರಲು ಬಂದವನಿಗಿಂತ ಮತವನ್ನು ಬೇಡಲು ಬಂದವನಿಗೆ ಅಲ್ಲಿ ಚಾನೆಲ್ ಹೆಚ್ಚು ಉಪಯುಕ್ತವಾಗಿತ್ತು.

ಖರ್ಚಿನ ಕಡೆಯೂ ಪರಿಸ್ಥಿತಿ ಇದೇ ದಿಕ್ಕಿಗೆ ತಳ್ಳುತ್ತಿತ್ತು. ಹಳೆಯ ಕೇಬಲ್ ತಂತಿಯಲ್ಲಿ ಹಿಡಿಸುತ್ತಿದ್ದ ಚಾನೆಲ್‌ಗಳ ಸಂಖ್ಯೆ ಸೀಮಿತ, ಅವುಗಳಲ್ಲೂ ಚೆನ್ನಾಗಿ ಕಾಣುವ ಸ್ಥಾನಗಳು ಇನ್ನೂ ಕಡಿಮೆ. ಹೊಸ ಚಾನೆಲ್ ಆ ಸ್ಥಾನಕ್ಕಾಗಿ ದೊಡ್ಡ ಕೇಬಲ್ ಕಂಪನಿಗಳಿಗೆ ವರ್ಷಾವಧಿ ಹಣ ಕೊಡಬೇಕಿತ್ತು, ಇದನ್ನೇ ಕ್ಯಾರೇಜ್ ಫೀ ಎನ್ನುವುದು. ಪತ್ರಿಕೆಯವನು ಓದುಗನಿಂದ ಕಾಸು ಪಡೆದರೆ, ಸುದ್ದಿ ಚಾನೆಲ್‌ನವನು ವೀಕ್ಷಕನನ್ನು ತಲುಪಲು ತಾನೇ ಕಾಸು ಕೊಡಬೇಕು. ಈ ಕೊರತೆಯನ್ನು ತುಂಬಿದ್ದು ಪ್ರಾಯೋಜಿತ ಕಾರ್ಯಕ್ರಮಗಳು, ಅವುಗಳಲ್ಲಿ ಜ್ಯೋತಿಷ್ಯದ ಜೊತೆಗೆ ಎದ್ದು ಕಾಣುತ್ತಿದ್ದುದು ನಿವೇಶನ ಮಾರಾಟ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಬಳಕೆಗೆ ಬಂದ ಮೇಲೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆಗಳ ಹೊಲಗಳು ಬಡಾವಣೆಯ ನಕ್ಷೆಗಳಾಗಿ ಕನ್ನಡದ ತೆರೆಗಳಲ್ಲಿ ಅರ್ಧರ್ಧ ಗಂಟೆ ಕಾಣಿಸಿಕೊಂಡವು. ಭೂಮಿ ಮಾರುವವರ ಮಾತಿಗೆ ದರಪಟ್ಟಿ ಇತ್ತು, ಭೂಮಿ ಬಿಡೆನೆನ್ನುವವರ ಮಾತಿಗೆ ಇರಲಿಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಸ್ವಾಧೀನದ ವಿರುದ್ಧ ಮೂರು ವರ್ಷಕ್ಕೂ ಮಿಕ್ಕಿ ಧರಣಿ ನಡೆಸಿ, 2025ರ ಜುಲೈ 15ರಂದು ಮುಖ್ಯಮಂತ್ರಿಗಳಿಂದ ಆ ಪ್ರಸ್ತಾವ ಕೈಬಿಡುವ ಘೋಷಣೆ ಪಡೆದರು. ಅಂಥ ದೀರ್ಘ ಹೋರಾಟವನ್ನು ದಿನವೂ ಹಿಂಬಾಲಿಸಲು ಭೂಮಿಯ ವ್ಯಾಪಾರದಿಂದಲೇ ಉಸಿರಾಡುವ ಉದ್ಯಮಕ್ಕೆ ಯಾವ ಪ್ರೇರಣೆ ಇರಬಹುದೆಂಬುದು ಕೇಳಲೇಬೇಕಾದ ಪ್ರಶ್ನೆ.

ಕೇಬಲ್‌ನ ಡಿಜಿಟಲೀಕರಣ ಈ ಲೆಕ್ಕಾಚಾರವನ್ನು ಬದಲಿಸಬೇಕಿತ್ತು. ಪ್ರತಿ ಮನೆಗೂ ಸೆಟ್‌ಟಾಪ್ ಬಾಕ್ಸ್ ಇಟ್ಟರೆ ಸಂಪರ್ಕಗಳ ನಿಜವಾದ ಸಂಖ್ಯೆ ತಿಳಿದು, ವೀಕ್ಷಕನ ಹಣದ ಪಾಲು ಚಾನೆಲ್‌ಗೂ ಸಿಗುತ್ತದೆಂಬುದು ಅದರ ತರ್ಕ. ಬೆಂಗಳೂರು ಮತ್ತು ಮೈಸೂರು ನಗರಗಳಿಗೆ 2013ರ ಮಾರ್ಚ್ 31, ಇತರ ಪಟ್ಟಣಗಳಿಗೆ 2015ರ ಡಿಸೆಂಬರ್ 31, ಹಳ್ಳಿಗಳಿಗೆ ಮುಂದೂಡಿಕೆಯ ಬಳಿಕ 2017ರ ಮಾರ್ಚ್ 31 ಕೊನೆಯ ದಿನವಾಗಿತ್ತು. ಹೀಗೆ ಯಲಹಂಕದವರೆಗೆ ಒಂದು ಕಾಲಮಾನ, ಅಲ್ಲಿಂದ ಮುಂದೆ ದೊಡ್ಡಬಳ್ಳಾಪುರ ಪಟ್ಟಣಕ್ಕೆ ಇನ್ನೊಂದು, ಅದರ ಸುತ್ತಲಿನ ಹಳ್ಳಿಗಳಿಗೆ ಮತ್ತೊಂದು. 2019ರಲ್ಲಿ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳುವ ದರ ವ್ಯವಸ್ಥೆ ಬಂದಾಗಲೂ ಸುದ್ದಿ ಚಾನೆಲ್‌ಗಳು ಬಹುಪಾಲು ಉಚಿತವಾಗಿಯೇ ಉಳಿದವು, ಏಕೆಂದರೆ ದರ ಇಟ್ಟರೆ ವೀಕ್ಷಕ ಕೈಬಿಡುತ್ತಾನೆಂಬ ಭಯ ಇದ್ದೇ ಇತ್ತು.

ರಾಜಕೀಯ ಒಡೆತನವನ್ನು ತಡೆಯಬೇಕೆಂಬ ಸಲಹೆ ಇಲ್ಲದೆ ಇರಲಿಲ್ಲ. ಗಾಳಿಯ ತರಂಗಗಳು ಸಾರ್ವಜನಿಕ ಸ್ವತ್ತೆಂದು ಸುಪ್ರೀಂ ಕೋರ್ಟ್ 1995ರ ಫೆಬ್ರುವರಿಯಲ್ಲೇ ಹೇಳಿತ್ತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2008ರಲ್ಲಿ, 2012ರಲ್ಲಿ, ಮತ್ತೆ 2014ರಲ್ಲಿ ರಾಜಕೀಯ ಪಕ್ಷಗಳು ಹಾಗೂ ಸರ್ಕಾರಗಳನ್ನು ಪ್ರಸಾರ ಮತ್ತು ವಿತರಣೆಯ ವ್ಯವಹಾರದಿಂದ ದೂರವಿಡಬೇಕೆಂದು ಶಿಫಾರಸು ಮಾಡಿತು. ಶಿಫಾರಸುಗಳನ್ನು ಕಾನೂನಾಗಿಸಬೇಕಾದವರು ಯಾರ ನಡುವೆ ಚಾನೆಲ್ ಮಾಲೀಕರಿದ್ದರೋ ಅವರೇ. ಒಂದು ವೇಳೆ ಕಾನೂನು ಬಂದಿದ್ದರೂ ಕರ್ನಾಟಕದ ಮಾದರಿಗೆ ಅದು ಎಷ್ಟು ತಾಗುತ್ತಿತ್ತೆಂಬುದು ಬೇರೆಯೇ ಮಾತು: ಇಲ್ಲಿ ಮಾಲೀಕ ಪಕ್ಷವಲ್ಲ, ಪಕ್ಷದ ನಾಯಕನ ಕುಟುಂಬ, ಆಪ್ತ ಅಥವಾ ಕಂಪನಿ.

2018ರ ಆಗಸ್ಟ್‌ನಲ್ಲಿ ಟಿವಿ9 ಸಮೂಹದ ಶೇಕಡಾ 90ರಷ್ಟು ಪಾಲು ಅಲಂದಾ ಮೀಡಿಯಾ ಎಂಬ ಕಂಪನಿಯ ಕೈಸೇರಿತು. ಅದರ ಹಿಂದಿದ್ದವರು ಹೈದರಾಬಾದಿನ ಕಟ್ಟಡ ಮತ್ತು ಸಿಮೆಂಟ್ ಉದ್ಯಮದ ಮೈ ಹೋಮ್ ಸಮೂಹ ಹಾಗೂ ನೀರಾವರಿ ಗುತ್ತಿಗೆಗಳ ಮೇಘಾ ಎಂಜಿನಿಯರಿಂಗ್ ಕಂಪನಿಯ ಪ್ರವರ್ತಕರು. ಚುನಾವಣಾ ಬಾಂಡ್‌ಗಳ ವಿವರ 2024ರ ಮಾರ್ಚ್‌ನಲ್ಲಿ ಬಹಿರಂಗವಾದಾಗ ಅತಿ ಹೆಚ್ಚು ಬಾಂಡ್ ಕೊಂಡವರ ಪಟ್ಟಿಯಲ್ಲಿ ಮೇಘಾ 966 ಕೋಟಿ ರೂಪಾಯಿಯೊಂದಿಗೆ ಎರಡನೆಯದಾಗಿತ್ತು. ಸ್ವತಃ ಚುನಾವಣೆಗೆ ನಿಲ್ಲುವ ಮಾಲೀಕನ ಜಾಗಕ್ಕೆ, ಯಾರೇ ಗೆದ್ದರೂ ಗುತ್ತಿಗೆ ಬೇಕಾದ ಮಾಲೀಕ ಬಂದದ್ದು ಈ ದಶಕದ ಬದಲಾವಣೆ. ಸಣ್ಣ ಚಾನೆಲ್‌ಗಳ ಪಾಡು ಬೇರೆಯಾಗಿತ್ತು. 2020ರಲ್ಲಿ ಅಂದಿನ ಮುಖ್ಯಮಂತ್ರಿಯ ಕುಟುಂಬದ ಮೇಲಿನ ಆರೋಪಗಳನ್ನು ಪ್ರಸಾರ ಮಾಡಿದ ಪವರ್ ಟಿವಿ ಪೊಲೀಸ್ ಶೋಧದ ಬಳಿಕ ತೆರೆಯಿಂದ ಮರೆಯಾಗಬೇಕಾಯಿತು. 2024ರ ಜೂನ್‌ನಲ್ಲಿ ಪರವಾನಗಿ ನವೀಕರಣದ ವಿಷಯವಾಗಿ ಹೈಕೋರ್ಟ್ ಅದರ ಪ್ರಸಾರಕ್ಕೆ ತಡೆ ಕೊಟ್ಟಾಗ, ಮರುತಿಂಗಳು ಸುಪ್ರೀಂ ಕೋರ್ಟ್ ಇದರಲ್ಲಿ ರಾಜಕೀಯ ಹಗೆತನ ಕಾಣುತ್ತಿದೆಯೆಂಬ ಅಭಿಪ್ರಾಯದೊಂದಿಗೆ ಆ ಆದೇಶವನ್ನು ತಡೆಹಿಡಿಯಿತು. ಅನುಮತಿ ಪತ್ರ ಅಗ್ಗವಾಗಿದ್ದಾಗ ಅದು ಪ್ರವೇಶದ ಚೀಟಿ, ವಿವಾದ ಎದ್ದಾಗ ಅದೇ ಲಗಾಮು.

ಮನರಂಜನೆಯ ಕಡೆ ಒಡೆತನ ಇನ್ನಷ್ಟು ಮೇಲಕ್ಕೆ, ಇನ್ನಷ್ಟು ದೂರಕ್ಕೆ ಸರಿದಿದೆ. 2006ರಲ್ಲಿ ಬಂದ ಜೀ ಕನ್ನಡದ ಸಮೂಹವನ್ನು ಕಟ್ಟಿದ ಸುಭಾಷ್ ಚಂದ್ರ 2016ರಿಂದ 2022ರವರೆಗೆ ಬಿಜೆಪಿ ಬೆಂಬಲದ ಪಕ್ಷೇತರರಾಗಿ ಹರಿಯಾಣದಿಂದ ರಾಜ್ಯಸಭೆಯಲ್ಲಿದ್ದರು. 2024ರ ನವೆಂಬರ್‌ನಲ್ಲಿ ರಿಲಯನ್ಸ್ ಮತ್ತು ಡಿಸ್ನಿ ತಮ್ಮ ಭಾರತೀಯ ಮಾಧ್ಯಮ ವ್ಯವಹಾರಗಳನ್ನು ವಿಲೀನಗೊಳಿಸಿ ಜಿಯೊಸ್ಟಾರ್ ಮಾಡಿದಾಗ, ರಾಮೋಜಿ ರಾವ್ ಅವರಿಂದ ಬಂದ ಕಲರ್ಸ್ ಕನ್ನಡವೂ ಜುಪಿಟರ್ ಕೈಯಿಂದ ಸ್ಟಾರ್‌ಗೆ ಹೋದ ಸುವರ್ಣವೂ ಒಂದೇ ಸೂರಿನಡಿ ಬಂದವು. ಉದಯ ಸನ್ ಸಮೂಹದಲ್ಲೇ ಉಳಿದಿರುವುದರಿಂದ, ಕನ್ನಡದ ನಾಲ್ಕು ದೊಡ್ಡ ಮನರಂಜನಾ ಚಾನೆಲ್‌ಗಳ ಒಡೆತನ ಈಗ ಮುಂಬೈನ ಎರಡು, ಚೆನ್ನೈನ ಒಂದು ಕಂಪನಿಯದು. ಹೊಸಕೋಟೆಯ ಕೇಬಲ್‌ನವನು ಯಾವ ಚಾನೆಲ್‌ಗಳ ಗುಚ್ಛವನ್ನು ಯಾವ ಬೆಲೆಗೆ ಕೊಡಬೇಕೆಂಬ ಪಟ್ಟಿ ಆ ಕಂಪನಿಗಳ ಕಚೇರಿಗಳಿಂದ ಬರುತ್ತದೆ.